ತೂತು ಬಿದ್ದ ಕಪ್ಪು ಚುಕ್ಕೆಗಳು

ಬೀರ್ ಸಲೂಮ್, ಟ್ಯುನೀಸಿಯಾ
ಮಾರ್ಚ್ ೯, ಸೋಮವಾರ

ಪ್ರೀತಿಯ ಬಾಬಾ,

ಸೊಂಟದ ನೋವು ಹೇಗಿದೆ? ಏಣಿಯಿಂದ ಬಿದ್ದದ್ದು ಸಾಕು, ಆಸ್ಪತ್ರೆಯ ಮಂಚದಿಂದ ಬೀಳಬೇಡ ಎಂದು ಅಜ್ಜಿ ಹೇಳಿಸಿದ್ದಾರೆ. ಈ ಪತ್ರದ ಜೊತೆ ಕಳಿಸಿರುವ ಹುರಿಹಿಟ್ಟಿಗೆ ಎಣ್ಣೆ ಧಾರಾಳವಾಗಿ ಕಲಸಿದ್ದಾರೆ. ನರ್ಸಮ್ಮನಿಗೂ ಒಂದು ಹಿಡಿ ಕೊಡಬೇಕಂತೆ.

ಈಗ ತೋಟದ ಸುದ್ದಿ. ನೀವು ಅರ್ಧಕ್ಕೆ ಬಿಟ್ಟಿದ್ದ ಕೊಂಬೆ ಸವರುವ ಕೆಲಸ ಮುಗಿಯಿತು. ಆಲಿವ್ ಎಲೆಗಳ ಮೇಲೆ ಬಿಳಿನೊಣದ ಮರಿಗಳು ಬಿಳಿ ಅಂಚಿನ ಕಪ್ಪು ಚುಕ್ಕೆಗಳಾಗಿ ಕೂತಿವೆ. ಮೋಂಜಿ ಚಿಕ್ಕಪ್ಪ ಶನಿವಾರಕ್ಕೆ ಔಷಧಿ ಹೊಡೆಯುವ ಯಂತ್ರ ಗೊತ್ತುಮಾಡಿ, ನಿಮ್ಮ ಒಪ್ಪಿಗೆ ಕೇಳಲು ಗುರುವಾರ ಅಲ್ಲಿಗೆ ಬರುತ್ತಿದ್ದಾರೆ. ದಯವಿಟ್ಟು ಒಪ್ಪಬೇಡಿ. ಪಕ್ಕದ ಸಾಲ್ಹಾ ಅತ್ತೆಯ ತೋಟ ಎಂಟು ವರ್ಷಗಳಿಂದ ಔಷಧಿ ಕಂಡಿಲ್ಲ. ಅಲ್ಲಿನ ಎಲೆಗಳನ್ನು ಅಜ್ಜಿಯ ಕನ್ನಡಕ ಹಿಡಿದು ನೋಡಿದೆ. ಹತ್ತು ಚುಕ್ಕೆಗಳಲ್ಲಿ ಏಳರ ಬೆನ್ನಿಗೆ ಸೂಜಿ ಚುಚ್ಚಿದಂಥ ದುಂಡು ತೂತು. ಎಳ್ಳಿಗಿಂತ ಸಣ್ಣ ಕಣಜವೊಂದು ನೊಣದ ಮರಿಯನ್ನು ಒಳಗಿನಿಂದಲೇ ತಿಂದು ಬೆಳೆದು ಹೊರಬಿದ್ದ ಬಾಗಿಲು ಅದು. ಮೇಸ್ತ್ರಿಯಿಲ್ಲದೆ, ಕೂಲಿಯಿಲ್ಲದೆ ನಮಗಾಗಿ ದುಡಿಯುವ ಜೀವಗಳು ಬಾಬಾ. ಅವುಗಳ ಮೇಲೆ ವಿಷ ಸುರಿಯುವುದು ಅನ್ಯಾಯ. ಹೀಗೆಂದಾಗ ಚಿಕ್ಕಪ್ಪ "ಏನವ್ವಾ ಪಂಡಿತೆ, ಹುಳಕ್ಕೂ ಸಂಘ ಕಟ್ತೀಯಾ? ಚಂದಾ ಎಷ್ಟು?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಮ್ಮ ಮರದಲ್ಲಿ ಒಂದು ತೂತು ತೋರ್ಸು, ನೋಡೋಣ" ಎಂದರು. ನಮ್ಮ ಮರಗಳಲ್ಲಿ ಹುಡುಕಿ ಹುಡುಕಿ ನಾಲ್ಕು ಸಿಕ್ಕವು.

ಸವರಿದ ಕೊಂಬೆಗಳೆಲ್ಲ ಅಂದೇ ಒಲೆಗೆ ಹೋಗಿದ್ದವು. ಕುರಿಗಳಿಗೆ ಸೊಪ್ಪಿಲ್ಲವೆಂದು ಚಿಕ್ಕಪ್ಪ ಕೂಗಾಡಿದಾಗ ಅಜ್ಜಿ, "ನಂಗೆ ಚಳಿಯಾಯ್ತು, ಸುಟ್ಟೆ. ಏನೀಗ?" ಎಂದುಬಿಟ್ಟರು.

ಅಜ್ಜಿಯ ಆಶೀರ್ವಾದ ನಿಮ್ಮ ಮೇಲಿದೆ. ನಿಮ್ಮ ಕೈಗೆ ಮುತ್ತಿಡುವ,

ದುರ್ರಾ

ಮರೆತದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಸುಟ್ಟದ್ದು ಅಜ್ಜಿಯಲ್ಲ, ನಾನು. ಅವರು "ಹತ್ತು ದಿನ ಗೋಡೆಗೆ ಒರಗ್ಸು, ಒಳಗಿರೋದು ಹಾರಿ ಹೋಗ್ಲಿ, ಆಮೇಲೆ ಕುರಿಗೆ ಹಾಕು, ನಮ್ಮಮ್ಮ ಹಂಗೇ ಮಾಡ್ತಿದ್ಳು" ಎಂದಿದ್ದರು. ಮೂಢನಂಬಿಕೆ ಎಂದು ರೇಗಿದೆ. ಕೃಷಿ ಇಲಾಖೆಯವರು ಹಂಚಿದ ಕರಪತ್ರದ ಮೊದಲ ಪುಟದಲ್ಲಿ, ಸವರಿದ ಕೊಂಬೆಗಳನ್ನು 'ಸುಡಿ' ಎಂದಿತ್ತು. ಕಣಜದ ಮಾತಿದ್ದ ಎರಡನೆಯ ಪುಟ ಓದಿದ್ದು, ನಮ್ಮ ಕಣಜಗಳನ್ನೂ ಕೊಂಬೆಗಳ ಜೊತೆ ಸುಟ್ಟ ಮೇಲೆ. ಈಗ ಅಜ್ಜಿ, ಅಲ್ಲಿನ ಕಣಜಗಳು ಇಲ್ಲಿಗೆ ಹಾರಲೆಂದು, ಸಾಲ್ಹಾ ಅತ್ತೆಯ ತೋಟದ ಕೊಂಬೆಗಳನ್ನು ತಂದು ನಮ್ಮ ಮರಗಳಿಗೆ ಕಟ್ಟುತ್ತಿದ್ದಾರೆ. ದಾರ ಮುಗಿದಾಗ ತಮ್ಮ ತಲೆವಸ್ತ್ರ ಹರಿದು ಕಟ್ಟಿದ್ದಾರೆ. ಒಪ್ಪಬೇಡಿ ಎಂದು ಮೇಲೆ ಅಪ್ಪಣೆ ಮಾಡಿದಂತೆ ಬರೆದೆ. ಅದನ್ನು ಹೊಡೆದುಹಾಕಿ. ಹತ್ತು ದಿನ ಕೊಡಿ ಬಾಬಾ, ನನ್ನ ಮಾತಿಗಲ್ಲ, ಅಜ್ಜಿಯ ಮಾತಿಗೆ.