ಅಧ್ಯಕ್ಷರು ಓದಿದ ವರದಿ

ಸೂಲಿಬೆಲೆ
18-2-1992, ಮಂಗಳವಾರ

ಮಾನ್ಯ ಕಾರ್ಯದರ್ಶಿಗಳಿಗೆ,

ನಗಬೇಡಿ. ಹದಿನಾಲ್ಕು ತಿಂಗಳ ಮೇಲೆ ಗಂಡನನ್ನು ಏನೆಂದು ಕರೆದು ಪತ್ರ ಶುರು ಮಾಡುವುದು ಎಂದು ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಕೊನೆಗೆ ಇದೇ ಸರಿ ಅನ್ನಿಸಿತು. ನಮ್ಮ ಶ್ರೀ ವೀರಾಂಜನೇಯ ಕೃಪಾಪೋಷಿತ ನಾಟಕ ಮಂಡಳಿಯ ನಡಾವಳಿ ಪುಸ್ತಕದಲ್ಲಿ ಇವತ್ತಿಗೂ ಕಾರ್ಯದರ್ಶಿ ನೀವೇ. ನೀವು ಎಸೆದು ಹೋದ ರಾಜೀನಾಮೆಯನ್ನು ಅಧ್ಯಕ್ಷರಾದ ನಿಮ್ಮ ಅಪ್ಪ ಸಭೆಯ ಮುಂದೆ ಇಟ್ಟೇ ಇಲ್ಲ. ನಾನು ಬರೀ ಪ್ರಭಾರ. ಪ್ರಭಾರದವಳು ಕಾಯಂ ಕಾರ್ಯದರ್ಶಿಗೆ ವರದಿ ಒಪ್ಪಿಸಬೇಕಲ್ಲ, ಅದಕ್ಕೇ ಈ ಪತ್ರ.

ನಾವು ಚೆನ್ನಾಗಿದ್ದೇವೆ. ಮಾವನಿಗೆ ಮಂಡಿ ನೋವು, ಎಮ್ಮೆ ಕರು ಹಾಕಿದೆ. ತ್ಯಾಮಗೊಂಡ್ಲಿನಲ್ಲಿ ನೀವೇ ಅಡುಗೆ ಮಾಡಿಕೊಂಡು ಸ್ಕೂಲಿನ ಗುಮಾಸ್ತಿಕೆಗೆ ಹೋಗುತ್ತೀರಂತೆ. ಸಮಿತಿಯ ಗಂಗಣ್ಣನವರು ನಿಮ್ಮನ್ನು ನೋಡಿ ಬಂದು ಹೇಳಿದರು. ಮುದ್ದೆ ಗಂಟಾಗದೆ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಅವರು ಎಮ್ಮೆ ಕರುವಿನ ಸುದ್ದಿ ತೆಗೆದರು, ಹಾಗಾಗಿ ಬರುವುದಿಲ್ಲ ಎಂದು ತಿಳಿದುಕೊಂಡಿದ್ದೇನೆ.

ಈಗ ವರದಿ. ಹೋದ ಶನಿವಾರ, ಭಾನುವಾರ ದೊಡ್ಡಬಳ್ಳಾಪುರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಗ್ರಾಮಾಂತರ ಜಿಲ್ಲೆಯ ಹವ್ಯಾಸಿ ನಾಟಕ ಮಂಡಳಿಗಳ ಪದಾಧಿಕಾರಿಗಳ ಸಮಾವೇಶ ನಡೆಯಿತು. ಅರವತ್ತು ಚಿಲ್ಲರೆ ಮಂಡಳಿಗಳು, ಪ್ರತಿಯೊಂದರಿಂದ ಅಧ್ಯಕ್ಷರು, ಕಾರ್ಯದರ್ಶಿ, ಜೊತೆಗೆ ಒಬ್ಬಿಬ್ಬರು ಸಮಿತಿಯವರು. ಬಾಗಿಲಲ್ಲೇ ಎಲ್ಲರ ಎದೆಗೆ ಹೆಸರಿನ ಚೀಟಿ ಚುಚ್ಚಿದರು. ನನ್ನ ಚೀಟಿಯಲ್ಲಿ ‘ಶ್ರೀ ಅನಸೂಯ’ ಎಂದಿತ್ತು. ಕಾರ್ಯದರ್ಶಿ ಎಂದ ಮೇಲೆ ಗಂಡಸೇ ಇರಬೇಕು ಎಂದು ಬರೆದವರು ಅಂದುಕೊಂಡಿದ್ದರು. ತಿದ್ದಿ ಕೊಡುತ್ತೇವೆ ಅಂದರು, ಊಟದ ಹೊತ್ತಿನವರೆಗೂ ತಿದ್ದಲಿಲ್ಲ, ಆಮೇಲೆ ನಾನೇ ಪೆನ್ನಿನಲ್ಲಿ ‘ಮತಿ’ ಸೇರಿಸಿಕೊಂಡೆ.

ಬೆಂಗಳೂರಿನಿಂದ ಬಂದ ಒಬ್ಬ ನಿವೃತ್ತ ಮೇಷ್ಟ್ರು ಸೊಗಸಾಗಿ ಮಾತಾಡಿದರು. ನೀವಿದ್ದಿದ್ದರೆ ಎರಡು ಪುಟ ಬರೆದುಕೊಳ್ಳುತ್ತಿದ್ದಿರಿ. ಯಾವ ನಾಟಕ ಆಡಬೇಕು ಎನ್ನುವುದನ್ನು ಅಧ್ಯಕ್ಷರೊಬ್ಬರೇ ತೀರ್ಮಾನಿಸಬಾರದು, ಸಮಿತಿ ಕೂತು ಓದಿಸಿ ಕೇಳಬೇಕು, ರಾಜಪಾರ್ಟು ಮಾಡುವವನೇ ಅಧ್ಯಕ್ಷನಾದರೆ ಮಂಡಳಿ ಅವನ ಕಿರೀಟಕ್ಕಿಂತ ದೊಡ್ಡದಾಗುವುದಿಲ್ಲ, ಹೊಸಬರಿಗೆ ಜಾಗ ಬಿಡಿ ಅಂದರು. ನಾನು ಮೆಲ್ಲಗೆ ಪಕ್ಕಕ್ಕೆ ನೋಡಿದೆ. ಮಾವ ನೆಲ ನೋಡುತ್ತಾ ಕೂತಿದ್ದರು. ಊರು ಬಿಡುವ ಮುಂಚೆ ಸಮಿತಿಯಲ್ಲಿ ನೀವು ಹೇಳಿದ ಮಾತುಗಳೇ ಅವು, ನೀವು ಸ್ವಲ್ಪ ಕೂಗಿ ಹೇಳಿದಿರಿ ಅಷ್ಟೇ.

ಇನ್ನು ಮುಂದಿನದನ್ನು ಬರೆಯುವುದಕ್ಕೆ ಮುಂಚೆ, ನಾನು ನಿಮ್ಮಿಂದ ಮುಚ್ಚಿಟ್ಟ ಒಂದು ಸಂಗತಿ ಹೇಳಬೇಕು. ಈಗ ಮುಚ್ಚಿಟ್ಟು ಪ್ರಯೋಜನವೂ ಇಲ್ಲ, ಇನ್ನೂರು ಜನಕ್ಕೆ ಗೊತ್ತಾಗಿದೆ.

ನಿಮ್ಮ ಅಪ್ಪನಿಗೆ ಓದಲು ಬರುವುದಿಲ್ಲ.

ಸಹಿ ಬರುತ್ತದೆ, ಬಸ್ಸಿನ ಬೋರ್ಡು ಗುರುತು ಸಿಗುತ್ತದೆ. ಅಷ್ಟೇ. ನಲವತ್ತು ವರ್ಷ ಪಾರ್ಟುಗಳನ್ನೆಲ್ಲ ಅತ್ತೆ ಓದಿ ಹೇಳಿದ್ದು, ಇವರು ಕೇಳಿ ಕಲಿತಿದ್ದು. ಅತ್ತೆ ತೀರಿಕೊಂಡು ತಿಂಗಳಾದ ಮೇಲೆ ಒಂದು ದಿನ ನಾನು ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದಾಗ ನಾಟಕದ ಪುಸ್ತಕ ಹಿಡಿದು ಬಂದು ನಿಂತರು. “ನಿಮ್ಮತ್ತೆ ಓದ್ ಹೇಳೋಳು ಕಣಮ್ಮ” ಅಂದರು. ನನಗೆ ಅರ್ಥವಾಗಿದ್ದು ನೋಡಿ, “ರವಿಗೆ ಗೊತ್ತಾಗ್ಬಾರ್ದು. ಓದಿರೋ ಮಗ” ಅಂದರು. ನಾನು ಮಾತು ಕೊಟ್ಟೆ. ನಿಮ್ಮ ಅಂಕಪಟ್ಟಿ ತಂದಾಗೆಲ್ಲ ‘ಅಮ್ಮನಿಗೆ ತೋರ್ಸು ಹೋಗು’ ಅನ್ನುತ್ತಿದ್ದರು, ಒಂದು ದಿನವೂ ಕೈಯಲ್ಲಿ ಹಿಡಿದು ನೋಡಲಿಲ್ಲ ಎಂದು ನೀವು ಮದುವೆಯಾದ ಹೊಸದರಲ್ಲಿ ನನ್ನ ಹತ್ತಿರ ಹೇಳಿಕೊಂಡಿದ್ದಿರಿ. ಆ ಮಾತು ನೆನಪಾಗಿ ಆವತ್ತು ನನಗೆ ಅಳು ಬಂತು.

ನಿಮ್ಮ ನಾಟಕದ ವಿಷಯವೂ ಇದೇ. ಎರಡು ವರ್ಷ ಕೂತು ಬರೆದ ನಾಟಕವನ್ನು ಅವರ ಕೈಗೆ ಕೊಟ್ಟಿರಿ. ಮೂರು ತಿಂಗಳ ಮೇಲೆ ಸಮಿತಿಯ ಮುಂದೆ ಅವರು “ಇದು ನಮ್ ಮಂಡಳಿಗೆ ಆಗಲ್ಲ” ಅಂದರು. ಓದಿದ್ದೀರಾ ಎಂದು ನೀವು ಕೇಳಿದಿರಿ, ಓದಿದ್ದೀನಿ ಅಂದರು. ಹಾಗಾದರೆ ಮೂರನೇ ದೃಶ್ಯದಲ್ಲಿ ಏನಿದೆ ಹೇಳಿ ಅಂದಿರಿ. ಅವರು ಟವೆಲ್ಲು ಕೊಡವಿ ಎದ್ದು ಹೊರಟರು. ಹೆತ್ತ ಅಪ್ಪ ನನ್ನ ಬರವಣಿಗೆಯನ್ನು ಬಿಚ್ಚಿ ಸಹ ನೋಡಲಿಲ್ಲ ಎಂದು ನೀವು ಮಾರನೇ ವಾರವೇ ವರ್ಗ ಹಾಕಿಸಿಕೊಂಡು ಹೊರಟಿರಿ. ನನ್ನನ್ನೂ ಕರೆದಿರಿ. ನಾನು ಬರಲಿಲ್ಲ. ಮಾವನನ್ನು ಬಿಟ್ಟು ಹೇಗೆ ಬರಲಿ ಎಂದು ಕೇಳಿದೆ, ನಿಮಗೆ ಅದು ಇನ್ನೊಂದು ಏಟಾಯಿತು. ಓದಿ ಹೇಳಲು ನಾನಿದ್ದೆನಲ್ಲ, ನಾನೇಕೆ ಓದಿ ಹೇಳಲಿಲ್ಲ ಎಂದು ಈಗ ನೀವು ಕೇಳಬಹುದು. ಆ ಮಾತಿಗೆ ಆಮೇಲೆ ಬರುತ್ತೇನೆ.

ಸಮಾವೇಶದ ಸುತ್ತೋಲೆಯಲ್ಲಿ ಒಂದು ನಿಯಮವಿತ್ತು. ಪ್ರತಿ ಮಂಡಳಿಯ ವಾರ್ಷಿಕ ವರದಿಯನ್ನು ಅಧ್ಯಕ್ಷರೇ ಐದು ನಿಮಿಷ ಓದಬೇಕು. ನಾನು ಓದುತ್ತೇನೆ ಎಂದು ಬರೆದು ಕೇಳಿದೆ, ಆಗುವುದಿಲ್ಲ ಎಂದು ಉತ್ತರ ಬಂತು. ಮಾವನಿಗೆ ನಾಲ್ಕು ದಿನ ಬಾಯಿಪಾಠ ಮಾಡಿಸಿದೆ. ಕಂದಪದ್ಯ ಒಂದೇ ಸಲ ಕೇಳಿ ಹಿಡಿಯುವವರಿಗೆ ಈ ವರದಿ ತಲೆಗೆ ಹತ್ತಲೇ ಇಲ್ಲ. “ಇದ್ರಾಗೆ ರಾಗಾನೇ ಇಲ್ವಲ್ಲಮ್ಮ” ಅಂದರು. ಕೊನೆಗೆ ನಮ್ಮ ಹಳೆಯ ದಾರಿಯನ್ನೇ ಹಿಡಿದೆವು. ಅವರು ಕಾಗದ ಹಿಡಿದು ಮೈಕಿನ ಮುಂದೆ ನಿಲ್ಲುವುದು, ನಾನು ವೇದಿಕೆ ಪಕ್ಕದ ಪರದೆ ಹಿಂದೆ, ವಧುವಿನ ಕೋಣೆಯ ಬಾಗಿಲಲ್ಲಿ ನಿಂತು ಪ್ರಾಂಪ್ಟ್ ಮಾಡುವುದು.

ನಾಟಕ ಆಡಿದವರ ಅಭ್ಯಾಸ ನಿಮಗೆ ಗೊತ್ತಲ್ಲ. ಪಕ್ಕದಿಂದ ಏನು ಬಂದರೂ ಕಿವಿಯಿಂದ ನೇರ ಬಾಯಿಗೆ, ನಡುವೆ ಯೋಚನೆಗೆ ಜಾಗವಿಲ್ಲ. ಅದೇ ಕೈಕೊಟ್ಟಿತು. ಅರ್ಧದವರೆಗೆ ಗಂಭೀರವಾಗಿ ಹೋಯಿತು. ಗಂಗಣ್ಣನವರು ಮುಂದಿನ ಸಾಲಿನಲ್ಲಿ ಮದುವೆ ಗಂಡಿನ ಕಡೆಯವರ ಹಾಗೆ ಬೀಗುತ್ತಿದ್ದರು. ಆಮೇಲೆ ಮಾವ ಎರಡು ಮೂರು ಸಲ ಕೆಮ್ಮಿದರು. ಹಣೆಯ ಬೆವರು ನನಗೆ ಅಲ್ಲಿಗೇ ಕಾಣುತ್ತಿತ್ತು. ತಡೆಯಲಾರದೆ, ವರದಿ ಹೇಳಿಕೊಡುತ್ತಿದ್ದ ಧ್ವನಿಯಲ್ಲೇ, “ಮಾವ, ನೀರು ಕುಡೀರಿ” ಎಂದುಬಿಟ್ಟೆ.

ಅವರು ಕಾಗದ ನೋಡುತ್ತಾ ಮೈಕಿನಲ್ಲಿ, “ಮಾವ, ನೀರು ಕುಡೀರಿ” ಅಂದರು.

ಪಕ್ಕದಲ್ಲಿ ಕೂತಿದ್ದ ಮುಖ್ಯ ಅತಿಥಿಗಳು ತಮಗೇ ಹೇಳಿದರು ಎಂದುಕೊಂಡು ಲೋಟ ಎತ್ತಿ ಕುಡಿದರು. ಒಂದು ಗಳಿಗೆ ಸಭೆಗೆ ತಿಳಿಯಲಿಲ್ಲ. ನಾನು ಗಾಬರಿಯಲ್ಲಿ “ಅಯ್ಯೋ, ಅದಲ್ಲ” ಅಂದೆ. ಅವರು ಅದನ್ನೂ ಹೇಳಿದರು. ಆಗ ನಗು ಶುರುವಾಯಿತು ನೋಡಿ, ಇಡೀ ಮಂಟಪ ಬಿದ್ದು ಬಿದ್ದು ನಕ್ಕಿತು. ಯಾರೋ ಹಿಂದಿನಿಂದ “ಯಜಮಾನ್ರೇ, ಪರದೆ ಹಿಂದ್ಲೋರ್ನೇ ಮುಂದಕ್ ಕರೀರಿ” ಎಂದು ಕೂಗಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮಾವ ಕಾಗದ ಮಡಚಿ ಜೇಬಿಗೆ ಇಟ್ಟುಕೊಂಡರು. ನಗು ನಿಲ್ಲುವವರೆಗೆ ಕಾದರು. ರಾಜಪಾರ್ಟಿನಲ್ಲಿ ಎಷ್ಟು ನೆಟ್ಟಗೆ ನಿಲ್ಲುತ್ತಾರೋ ಅಷ್ಟೇ ನೆಟ್ಟಗೆ ನಿಂತಿದ್ದರು, ಆದರೆ ಧ್ವನಿ ನಾಟಕದ್ದಲ್ಲ, ಮನೆಯದು. ಅವರು ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

“ನಂಗೆ ಓದಕ್ ಬರಲ್ಲ ಸ್ವಾಮಿ. ಮೂವತ್ತು ವರ್ಷದಿಂದ ಅಧ್ಯಕ್ಷ ಆಗಿವ್ನಿ. ಮೊದ್ಲು ನಮ್ಮನೆಯವ್ಳು ಹೇಳ್ಕೊಡೋಳು, ಈಗ ಸೊಸೆ ಹೇಳ್ಕೊಡ್ತವ್ಳೆ. ನನ್ ಮಗ ಒಂದು ನಾಟ್ಕ ಬರ್ದು ತಂದ್ಕೊಟ್ಟ. ಓದಿದೀನಿ ಅಂತ ಅವ್ನಿಗೆ ಸುಳ್ ಹೇಳ್ದೆ. ಮನೆ ಬಿಟ್ ಹೋದ. ಓದಕ್ ಬರಲ್ಲ ಕಣಪ್ಪ ಅಂತ ಒಂದ್ ಮಾತು ಆವತ್ತೇ ಅಂದಿದ್ರೆ ಆಗೋಗ್ತಿತ್ತು. ಆ ಮಾತು ಬಾಯಿಗೆ ಬರ್ಲಿಲ್ಲ.”

ಇಷ್ಟು ಹೇಳಿ ಬಂದು ತಮ್ಮ ಕುರ್ಚಿಯಲ್ಲಿ ಕೂತರು. ಊಟಕ್ಕೆ ಕೂತಾಗ ದೇವನಹಳ್ಳಿ ಕಡೆಯ ಒಂದು ಮಂಡಳಿಯ ಅಧ್ಯಕ್ಷೆ ಅಶ್ವತ್ಥಮ್ಮನವರು ಎಲೆ ಬಿಟ್ಟು ಎದ್ದು ಬಂದು ಮಾವನ ಪಕ್ಕ ಕೂತರು. ಹಿಂದೆ ಊರೂರಿಗೆ ಹೋಗಿ ಹೆಣ್ಣು ಪಾತ್ರ ಮಾಡುತ್ತಿದ್ದವರು. “ನಂದೂ ಅದೇ ಕತೆ ಅಣ್ಣಯ್ಯ. ಮಧ್ಯಾಹ್ನ ನನ್ ವರದಿ ಐತೆ. ಹೊಟ್ಟೆನೋವು ಅಂತ ಹೇಳಿ ಹೊಂಟ್‌ಹೋಗೋಣ ಅಂತಿದ್ದೆ” ಅಂದರು. ಮಧ್ಯಾಹ್ನ ಅವರು ಕಾಗದವಿಲ್ಲದೆ ನಿಂತು ತಮಗೆ ತೋಚಿದ ಹಾಗೆ ಹೇಳಿದರು. ಎರಡು ದಿನದಲ್ಲಿ ನಾನು ಕೇಳಿದ ವರದಿಗಳಲ್ಲಿ ಅದೇ ಒಳ್ಳೆಯದು. ಮುಂದಿನ ವರ್ಷದಿಂದ ವರದಿಯನ್ನು ಯಾರು ಬೇಕಾದರೂ, ಹೇಗೆ ಬೇಕಾದರೂ ಒಪ್ಪಿಸಬಹುದು ಎಂದು ಭಾನುವಾರ ಠರಾವಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಮಾವನ ಹತ್ತಿರ ನಾನು ಕ್ಷಮೆ ಕೇಳಿದೆ. “ನೀನೇನ್ ಮಾಡ್ದೆ, ಬಾಯಾರ್ಕೆ ಆಗಿತ್ತು ನಿಜ” ಅಂದರು. ಆಮೇಲೆ ಕಿಟಕಿ ಕಡೆ ತಿರುಗಿಕೊಂಡು, “ರವಿಗೆ ಒಂದ್ ಕಾಗ್ದ ಬರಿ. ನಾನ್ ಹೇಳ್ದಂಗೇ ಬರಿ, ತಿದ್ದಬೇಡ” ಅಂದರು. ತಿದ್ದಿಲ್ಲ, ಇದೋ: “ನಾಟ್ಕ ಕಿರೀಟದ ಪೆಟ್ಟಿಗೆಯಾಗೆ ಮಡಗಿವ್ನಿ. ಬಂದು ನೀನೇ ಓದು. ಪೂರ್ತಿ ಕೇಳ್ತೀನಿ. ಆಮೇಲೆ ಆಗ್ತದೋ ಇಲ್ವೋ ಸಮಿತಿ ಹೇಳ್ಲಿ.”

ಅಧ್ಯಕ್ಷರ ಮಾತು ಮುಗಿಯಿತು. ಬರುವ ಭಾನುವಾರ ಸಮಿತಿ ಸಭೆ, ಹತ್ತು ಗಂಟೆಗೆ. ನೀವು ಬರುತ್ತೀರಿ ಎಂದು ಅವರು ಈಗಲೇ ಗಂಗಣ್ಣನವರಿಗೆ ಹೇಳಿ ಆಗಿದೆ. ಅಪ್ಪನ ಮೇಲಿನ ಸಿಟ್ಟಿಗೆ ಇನ್ನು ಕಾರಣ ಉಳಿದಿಲ್ಲ, ಬನ್ನಿ. ನನಗೂ ಸಾಕಾಗಿದೆ. ಈ ಹದಿನಾಲ್ಕು ತಿಂಗಳಲ್ಲಿ ನಿಮ್ಮನ್ನು ನೆನೆಸಿಕೊಳ್ಳದ ದಿನವಿಲ್ಲ.

ಇಂತಿ,
ಪ್ರಭಾರ ಕಾರ್ಯದರ್ಶಿ,
ನಿಮ್ಮ ಅನಸೂಯ

ವಿ. ಸೂ.: ಆಮೇಲೆ ಬರುತ್ತೇನೆ ಅಂದಿದ್ದ ಮಾತು ಬಾಕಿ ಇದೆ. ಅದನ್ನು ಹೇಳದೆ ಪತ್ರ ಅಂಟಿಸೋಣ ಎಂದಿದ್ದೆ. ಆದರೆ ನೀವು ಬಂದು ಓದಿದರೆ ಮೂರನೇ ದೃಶ್ಯ ಬಂದೇ ಬರುತ್ತದೆ.

ನಿಮ್ಮ ನಾಟಕವನ್ನು ನಾನು ಮಾವನಿಗೆ ಓದಿ ಹೇಳಿದೆ. ಎರಡು ದೃಶ್ಯ ಹೇಳಿದೆ, ಅವರು ತಲೆದೂಗಿ ಕೇಳಿದರು. ಮೂರನೆಯದರಲ್ಲಿ ನಮ್ಮ ಬೀದಿಯ ಭಾಗ್ಯಮ್ಮನ ಮನೆಯ ನಾಮಕರಣವಿತ್ತು. ಮಕ್ಕಳಿಲ್ಲದವಳು ಮಗುವನ್ನು ತೊಟ್ಟಿಲಿಗೆ ಹಾಕಲು ಹೋದಾಗ ಅವಳ ಕೈಯಿಂದ ಮಗುವನ್ನು ಈಸಿಕೊಳ್ಳುತ್ತಾರೆ. ಅವಳು ಮನೆಗೆ ಬಂದು ಗಂಡನನ್ನು, ನನ್ನ ಕೈಗೆ ಏನಾಗಿದೆ ಎಂದು ಕೇಳುತ್ತಾಳೆ. ಆವತ್ತು ಅವರ ಮನೆಯಿಂದ ಬಂದು ಆ ಮಾತನ್ನು ನಾನು ನಿಮ್ಮೊಬ್ಬರಿಗೆ ಹೇಳಿದ್ದು. ನೀವು ಒಂದಕ್ಷರ ಬಿಡದೆ ಬರೆದಿದ್ದಿರಿ. ಊರಿನವರ ಮುಂದೆ ಯಾರೋ ಬಣ್ಣ ಹಚ್ಚಿಕೊಂಡು ಅದನ್ನು ಹೇಳುವುದು ಹಾಗಿರಲಿ, ಮಾವನ ಮುಂದೆ ಓದಲು ನನಗೇ ಬಾಯಿ ಬರಲಿಲ್ಲ. ಪುಸ್ತಕ ಮುಚ್ಚಿದೆ. ಮುಂದೆ ಹೆಂಗದೆ ಕಣಮ್ಮ ಎಂದು ಕೇಳಿದರು. ಚೆನ್ನಾಗಿಲ್ಲ, ಇದು ನಮ್ಮ ಮಂಡಳಿಗೆ ಆಗುವುದಿಲ್ಲ ಅಂದೆ. ಅವರು ನಿಮಗೆ ಹೇಳಿದ್ದು ನನ್ನ ಮಾತನ್ನೇ. ಮೊನ್ನೆ ಇನ್ನೂರು ಜನ ನಗುವಾಗಲೂ ತಪ್ಪೆಲ್ಲ ತಮ್ಮ ಮೇಲೇ ಹಾಕಿಕೊಂಡರು, ನನ್ನ ಸುದ್ದಿ ಎತ್ತಲಿಲ್ಲ.

ಕೇಳದೆ ಬರೆದದ್ದು ನಿಮ್ಮ ತಪ್ಪು. ಮಿಕ್ಕಿದ್ದೆಲ್ಲ ನನ್ನದು. ನಾಟಕ ಚೆನ್ನಾಗಿತ್ತು ರೀ.