ನೀಲಿ ಕುಂಡದ ಗಿಡ

ಮನೆಯಿಂದ,
ಬುಧವಾರ, ಜೂನ್ ಹನ್ನೆರಡು

ಪ್ರೀತಿಯ ಮಗಳೇ,

ಸೊಸೆ ಎಂದು ಬರೆಯಲು ಹೋದರೆ ಈ ಅತ್ತೆಗೆ ಕೈಯೇ ಓಡುವುದಿಲ್ಲ, ಅದಕ್ಕೇ ಮಗಳೇ ಎಂದೆ. ಮೊದಲು ನಿನ್ನ ಕೈಯ ಸುದ್ದಿ ಹೇಳು. ಪ್ಲಾಸ್ಟರ್ ಬಿಚ್ಚಿದರಾ? ಬೆರಳು ಪೂರ್ತಿ ಮಡಚಲು ಬರುತ್ತದಾ? ಕನ್ನಡಕದ ಅಂಗಡಿಯಲ್ಲಿ ಕೂತು ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವವಳು ನೀನು, ಮಣಿಕಟ್ಟು ಸರಿಯಾಗಿ ಕೂಡದಿದ್ದರೆ ಹೊಟ್ಟೆಪಾಡಿಗೇ ಕುತ್ತು. ಎಡಗೈಯಲ್ಲೇ ಎಲ್ಲ ನಿಭಾಯಿಸುತ್ತೇನೆ ಎಂದು ಜಂಬ ಕೊಚ್ಚಬೇಡ. ನಿನ್ನ ಅಕ್ಕ ಪಾತ್ರೆ ತೊಳೆಯುತ್ತೇನೆ ಎಂದರೆ ತೆಪ್ಪಗೆ ಬಿಟ್ಟುಕೊಡು. ಅವಳಿಗೂ ನಿನ್ನ ಭಾವನಿಗೂ ನಾನು ಕೇಳಿದೆ ಎಂದು ಹೇಳು. ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನೀನು ಫೋನ್ ತೆಗೆಯುತ್ತಿಲ್ಲವಲ್ಲ, "ನೀನು ಬರೆದ್ರೆ ಅವಳು ಓದ್ತಾಳೆ ಕಣಮ್ಮ, ಗಿಡದ ವಿಷಯ ಬರಿ" ಎಂದು ನಿನ್ನ ಗಂಡ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟು ಸ್ನಾನಕ್ಕೆ ಹೋಗಿದ್ದಾನೆ. ಬಂದು ತಾನು ಓದಿದ ಮೇಲೆಯೇ ಕವರಿಗೆ ಹಾಕುವುದಂತೆ. ಅದಕ್ಕೇ ಶಾಲೆಯ ಹುಡುಗಿಯ ಹಾಗೆ ದುಂಡಗೆ ಬರೆಯುತ್ತಿದ್ದೇನೆ, ನಗಬೇಡ.

ಗಿಡದ ವಿಷಯ ಹೇಳುತ್ತೇನೆ. ನೀನು ಅದನ್ನು ನೀಲಿ ಕುಂಡದ ಸಮೇತ ಅಪ್ಪಿಕೊಂಡು ಮನೆಗೆ ತಂದ ಸಂಜೆ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮನಿ ಟ್ರೀ ಎಂದೆ. ನಾನು ಬಾಟಲಿಯಲ್ಲಿ ಇಡುತ್ತಾರಲ್ಲ ಆ ಬಳ್ಳಿ ಎಂದುಕೊಂಡಿದ್ದೆ. ನೋಡಿದರೆ ಬಳ್ಳಿಯಲ್ಲ, ಕಾಂಡಕ್ಕೆ ಜಡೆ ಹಾಕಿಕೊಂಡ ಪುಟ್ಟ ಮರ, ಅಂಗೈ ಬಿಡಿಸಿದ ಹಾಗೆ ಎಲೆ. ಹೆಸರು ನೋಡಿದರೆ ದುಡ್ಡಿನ ಗಿಡ, ಇಷ್ಟು ದಿನಕ್ಕೆ ಒಂದು ಬಿಡಿಗಾಸೂ ಉದುರಿಸಿಲ್ಲ ಎಂದು ನಾನು ಎಷ್ಟು ಸಲ ರೇಗಿಸಿಲ್ಲ ನಿನ್ನನ್ನು. ಅವತ್ತು ನನ್ನನ್ನೂ ಕೂರಿಸಿಕೊಂಡು, ಗಿಡದ ಹಾಗೇ ನಿಮ್ಮ ಕೂದಲನ್ನೂ ಹೆಣೆಯುತ್ತೇನೆ ಎಂದು ಹೊರಟು, ಈ ಬೋಳು ತಲೆಯಲ್ಲಿ ಅಷ್ಟು ಎಳೆ ಹಿಡಿಯಲಾಗದೆ ಸೋತು, ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಈ ಮನೆಯಲ್ಲಿ ನಾನು ಹಾಗೆ ನಕ್ಕಿದ್ದು ಕಡಿಮೆ.

ನೀನು ಹೇಳಿಕೊಟ್ಟದ್ದು ಒಂದೂ ಮರೆತಿಲ್ಲ. ಮಣ್ಣಿಗೆ ಬೆರಳು ಇಳಿಸಿ ನೋಡಬೇಕು, ಒಳಗೂ ಒಣಗಿದ್ದರೆ ಮಾತ್ರ ನೀರು. ಹಾಕಿದರೆ ಬುಡದ ತೂತಿನಿಂದ ಹರಿಯುವಷ್ಟು ಹಾಕಬೇಕು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಬೇಕು. ಬಿಸಿಲು ಮೈಮೇಲೆ ಬೀಳಬಾರದು, ಬೆಳಕು ಬೇಕು. ಅಲ್ಲಿಂದಿಲ್ಲಿಗೆ ಎತ್ತಾಡಬಾರದು. ಉಳಿದಂತೆ ಅದರ ಪಾಡಿಗೆ ಅದನ್ನು ಬಿಡಬೇಕು.

ಈಗ ನಿನ್ನ ಗಂಡನೇ ಅದರ ಉಸ್ತುವಾರಿ. ನೀನಿದ್ದಾಗ ಅತ್ತ ತಿರುಗಿಯೂ ನೋಡದವನು ಈಗ ಕೆಲಸದಿಂದ ಬಂದವನೇ ಶೂ ಬಿಚ್ಚುವ ಮೊದಲು ಅದರ ಮುಂದೆ ನಿಲ್ಲುತ್ತಾನೆ. ಬೆಳಿಗ್ಗೆ ನೀರು, ಸಂಜೆ ನೀರು. ಎಲೆ ಎಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಗೊಬ್ಬರ ಹಾಕಿದ. ಕಿಟಕಿಯ ಕಡೆ ಸ್ವಲ್ಪ ವಾಲಿತ್ತಲ್ಲ, ಟೈಲ್ಸ್ ಕೂರಿಸುವವನ ಕಣ್ಣಿಗೆ ಅದು ಹಿಡಿಸಲಿಲ್ಲ. ನೆಲದ ಮಟ್ಟ ನೋಡುವ ರಸಮಟ್ಟ ತಂದು ಕುಂಡದ ಮೇಲಿಟ್ಟು ನೋಡಿ, ಕೋಲು ನೆಟ್ಟು, ತಂತಿ ಬಿಗಿದು ನೆಟ್ಟಗೆ ನಿಲ್ಲಿಸಿದ. "ಬೇಡ ಕಣೋ, ಸುಮ್ನೆ ಬಿಡು ಅದನ್ನ" ಎಂದೆ. "ನಾನು ಚೆನ್ನಾಗಿ ನೋಡ್ಕೋತಿದೀನಿ ಅಲ್ವೇನಮ್ಮ?" ಎಂದು ಕೇಳಿದ. ಹೂಂ ಎಂದೆ. ನಡುವೆ ಎಲೆಗಳು ಹಳದಿಯಾಗಿ ಉದುರಿದವು. ಇದನ್ನು ಬರೆಯಲೇ ಎಂದು ಬಚ್ಚಲಿನ ಬಾಗಿಲಲ್ಲಿ ನಿಂತು ಈಗ ತಾನೇ ಕೇಳಿ ಬಂದೆ. "ಬರಿ, ಈಗ ಸರಿಹೋಗಿದೆ ಅಂತಾನೂ ಬರಿ" ಎಂದ. ಸ್ಟುಡಿಯೋದಲ್ಲಿ ತೊಳೆಸಿದ ಫೋಟೋ ಇದರ ಜೊತೆಗಿದೆ. ಎಲೆಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿವೆ.

ಇನ್ನು ಅವನು ಬರೆಯಲು ಹೇಳಿದ ಮಾತು. ಅವತ್ತು ಕೋಪದ ಭರದಲ್ಲಿ ಕೈ ತಿರುಚಿದನಂತೆ, ಮುರಿಯುವ ಉದ್ದೇಶ ಇರಲಿಲ್ಲವಂತೆ. ಇನ್ನೆಂದೂ ಹಾಗಾಗುವುದಿಲ್ಲವಂತೆ. ಒಂದು ಗಿಡವನ್ನು ಇಷ್ಟು ಜೋಪಾನ ಮಾಡಿದವನು ಹೆಂಡತಿಯನ್ನು ನೋಡಿಕೊಳ್ಳಲಾರನೇ ಎಂದು ಕೇಳಬೇಕಂತೆ. ಬರುವ ಶನಿವಾರ ಗಿಡವನ್ನು ಎತ್ತಿಕೊಂಡೇ ನಿನ್ನ ಅಕ್ಕನ ಮನೆಗೆ ಬರುತ್ತಾನೆ. ನೀನು ಬಟ್ಟೆಬರೆ ಕಟ್ಟಿಕೊಂಡು ತಯಾರಾಗಿರಬೇಕು, ಮೂವರೂ ಒಟ್ಟಿಗೆ ವಾಪಸು ಬರುವುದು ಎಂದಿದ್ದಾನೆ. ಗಿಡವನ್ನೂ ಸೇರಿಸಿ ಮೂವರು.

ನೀರು ಸುರಿಯುವ ಸದ್ದು ನಿಂತಿತು, ಮುಗಿಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕೈಗೆ ಮೊದಲಿನ ಬಲ ಬರಲಿ, ಮನಸ್ಸಿಗೆ ನೆಮ್ಮದಿ ಸಿಗಲಿ, ನನ್ನ ಆಯಸ್ಸಿನಲ್ಲಿ ಉಳಿದದ್ದೂ ನಿನಗಿರಲಿ.

ಇತಿ,
ನಿನ್ನ ಅತ್ತೆ

ತಾ. ಕ.: ಅವನು ಓದಿದ. "ಚೆನ್ನಾಗಿ ಬರ್ದಿದೀಯಮ್ಮ" ಎಂದು ಕವರು ಅಂಟಿಸಿ ನನ್ನ ಕೈಗಿತ್ತು ಕೆಲಸಕ್ಕೆ ಹೋದ. ಈಗ ಅಂಚೆ ಕಚೇರಿಯಲ್ಲಿದ್ದೇನೆ. ಆ ಕವರು ಹರಿದು, ಬೇರೆ ಕೊಂಡು, ಕೌಂಟರಿಗೆ ದಾರದಲ್ಲಿ ಕಟ್ಟಿದ ಪೆನ್ನಿನಲ್ಲಿ ಗೀಚುತ್ತಿದ್ದೇನೆ. ಹಿಂದೆ ಜನ ಗೊಣಗುತ್ತಿದ್ದಾರೆ, ಗೊಣಗಲಿ.

ಫೋಟೋದಲ್ಲಿ ಗಿಡದ ಜಡೆ ನೋಡು, ಎಳೆ ಎಣಿಸು. ಮೂರು. ನಿನ್ನದಕ್ಕೆ ಐದಿತ್ತು. ಅದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕುಂಡ ಮಾತ್ರ ನಿನ್ನದು.

ನಿನ್ನ ಗಿಡ ಹೋಯಿತು. ಅಷ್ಟು ನೀರು ಕುಡಿದು ಬೇರು ಕೊಳೆತಿತ್ತು. ಒರೆಸಿದಷ್ಟೂ ಎಲೆ ಉದುರುವುದನ್ನು ಕಂಡು ಒಂದು ದಿನ "ಇಷ್ಟು ಮಾಡಿದ್ರೂ ನಿಂಗೆ ಸಾಲ್ದಾ?" ಎಂದು ಅದರ ಮೇಲೆ ಕೂಗಿದ. ನಿನ್ನ ಕೈ ತಿರುಚಿದಾಗ ಕೂಗಿದ್ದೂ ಅದೇ ಮಾತು. ಬುಡ ಹಿಡಿದು ಕಿತ್ತು ಗೋಡೆಗೆ ಬಡಿದ, ಜಡೆ ಸೀಳಿಹೋಗುವವರೆಗೆ ಬಡಿದ. ಆಮೇಲೆ ನನ್ನ ಮಡಿಲಲ್ಲಿ ಮುಖವಿಟ್ಟು ಮಗುವಿನ ಹಾಗೆ ಅತ್ತ. ಮಾರನೆಯ ದಿನ ಇನ್ನೊಂದು ಕೊಂಡು ತಂದು ನೆಟ್ಟು, "ಇದು ಅದೇ ಗಿಡ, ಗೊತ್ತಾಯ್ತಾ?" ಎಂದ. ಗೊತ್ತಾಯಿತು ಎಂದೆ.

ಹೆತ್ತವಳು ಮಗನ ಬಗ್ಗೆ ಹೀಗೆ ಬರೆಯುವಂತಾಯಿತಲ್ಲ. ಆದರೆ ಅವನ ಅಳು ಸುಳ್ಳಲ್ಲ ಮಗಳೇ, ಅದೇ ನನಗೆ ಭಯ. ಅವರಪ್ಪನ ಅಳುವೂ ಸುಳ್ಳಾಗಿರಲಿಲ್ಲ. ಪ್ರತಿ ಸಲವೂ ನಾನು ಬಾಗಿಲು ತೆಗೆದೆ.

ಶನಿವಾರ ನೀನು ತೆಗೆಯಬೇಡ. ಈ ಕಾಗದವನ್ನು ಅಕ್ಕನಿಗೂ ಭಾವನಿಗೂ ಓದಿಸು. ಅವನು ಗಿಡ ತೋರಿಸಲಿ, ಕಣ್ಣೀರು ಹಾಕಲಿ, ಅಮ್ಮನಿಗೆ ಹುಷಾರಿಲ್ಲ ಎನ್ನಲಿ, ಚಿಲಕಕ್ಕೆ ಕೈ ಹಾಕಬೇಡ.

ಗುಡಿಸುವಾಗ ಒಂದು ಹಸಿರು ಟೊಂಗೆ ಸಿಕ್ಕಿತ್ತು. ಕೆಳಗಿನ ಮನೆಯ ಇಸ್ತ್ರಿ ಮಾಡುವಾಕೆಯ ಕಿಟಕಿಯಲ್ಲಿ, ಲೋಟದ ನೀರಿನಲ್ಲಿ ಇಟ್ಟಿದ್ದೇನೆ. ನಿನ್ನೆ ನೋಡಿದೆ, ಬಿಳಿ ಬೇರು ಬಿಟ್ಟಿದೆ. ಅದನ್ನು ನೋಡಲು ಕೂಡ ಬರಬೇಡ.