ಕುರ್ಚಿಯ ಹಿಂದೆ ನಿಂತವರ ಮನೆಯ ಮಸಾಲೆ ದೋಸೆ

ರಾಜಾಜಿನಗರ, ಭಾನುವಾರ

ಅಕ್ಕನಿಗೆ ನಮಸ್ಕಾರ.

ಸಿಕ್ಕಿತು ಅಕ್ಕಾ! ಶುಕ್ರವಾರ ಧೈರ್ಯವಾಗಿ ಹೋಟೆಲು ತೆರೆ. ಬೆಂಗಳೂರಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ಮಸಾಲೆ ದೋಸೆ ಹುಡುಕಿ, ನಿನ್ನ ದೋಸೆ ಯಾಕೆ ಬೆಳ್ಳಗೇ ಉಳಿಯುತ್ತದೆಂದು ತಿಳಿದು ಬಾ ಎಂದು ಕಳಿಸಿದ್ದೆಯಲ್ಲ, ಕೇಳು.

ಇಲ್ಲಿನ ಹೋಟೆಲಿನಲ್ಲಿ ಜಾಗಕ್ಕೆ ಕಾಯುವವರು ತಿನ್ನುತ್ತಿರುವವರ ಕುರ್ಚಿಯ ಹಿಂದೆಯೇ ಬಂದು ನಿಲ್ಲುತ್ತಾರೆ. ನನಗೇನು ಗೊತ್ತು? ಹಸಿದವರು ನಿಂತು ನೋಡುತ್ತಿರುವಾಗ ತುತ್ತು ಇಳಿಯುವುದುಂಟೇ? ಪಕ್ಕಕ್ಕೆ ಸರಿದು, ನನ್ನ ಹಿಂದೆ ನಿಂತಿದ್ದವರಿಗೆ "ಬನ್ನಿ ಯಜಮಾನ್ರೇ, ಅರ್ಧ ನೀವು ತಿನ್ನಿ" ಎಂದೆ. ಹೋಟೆಲಿಗೆ ಹೋಟೆಲೇ ನಕ್ಕಿತು. ಅವರೂ ನಕ್ಕು, "ನಾನು ಬಂದಿದ್ದು ಕಾಫಿಗೆ ಸ್ವಾಮಿ! ದೋಸೆ ತಿನ್ನೋದಾದ್ರೆ ನಮ್ಮನೆಗೆ ಬನ್ನಿ" ಎಂದು ವಿಜಯನಗರಕ್ಕೆ ಕರೆದುಕೊಂಡೇ ಹೋದರು.

ಅವರ ಹೆಂಡತಿ ಗಿರಿಜಾದೇವಿ ಹೊಯ್ದ ದೋಸೆಗೆ ಹೊಸ ತಾಮ್ರದ ಚೊಂಬಿನ ಬಣ್ಣ. ಮುರಿದರೆ ಪಡಸಾಲೆಗೆ ಕೇಳಿಸುವಷ್ಟು ಗರಿಗರಿ. ಇಷ್ಟು ದಿನ ಹೋಟೆಲು ಹೋಟೆಲು ಅಲೆದರೂ ಅಂಥದ್ದು ತಿಂದಿರಲಿಲ್ಲ. "ಅಕ್ಕಿ ನೆನೆ ಹಾಕೋವಾಗ ಒಂದು ಹಿಡಿ ಕಡಲೆಬೇಳೆ ಸೇರಿಸೋಕೆ ಹೇಳಿ ಅಣ್ಣ, ಕೆಂಪಗೆ ಬರದಿದ್ರೆ ಬಂದು ನನ್ನ ಕೇಳಿ" ಎಂದರು. ಅಷ್ಟೇ ಅಕ್ಕಾ, ಒಂದು ಹಿಡಿ!

ದೋಸೆ ತಿಂದೂ ತಿಂದೂ ಹೊಟ್ಟೆ ಕೆಟ್ಟಿತ್ತು. ಮಜ್ಜಿಗೆ ಕುಡಿದು ಈಗ ಸರಿಯಾಗಿದೆ, ಭಾವನಿಗೆ ತಿಳಿಸು. ಕಾರ್ಡಿನಲ್ಲಿ ಜಾಗವಿಲ್ಲ. ಗುರುವಾರವೇ ಬೇಳೆ ನೆನೆಸು. ಶುಕ್ರವಾರ ನಿನ್ನ ಹೋಟೆಲಿನಲ್ಲಿ ಯಾರೇ ಮೊದಲು ಕುಳಿತರೂ ಅವರ ಕುರ್ಚಿಯ ಹಿಂದೆ ನಿಂತಿರುವವನು ನಾನೇ.

ನಿನ್ನ ತಮ್ಮ,
ಚನ್ನಬಸವ